ಐಸ್ ಪ್ಲಾಂಟಿಗೆ ಬರುತ್ತಿದ್ದ ಹಂಚಿನಾಳರು

ಟಾರು ರಸ್ತೆ ಚಪ್ಪಲಿಗೆ ಅಂಟಿಕೊಳ್ಳುವ ಜುಲೈ ತಿಂಗಳ ಮಧ್ಯಾಹ್ನ, ದೋಹಾದ ಹಳೇ ಬಂದರಿನ ಬದಿಯಲ್ಲಿದ್ದ ನಮ್ಮ ಐಸ್ ಪ್ಲಾಂಟಿನ ಗೇಟಿನೆದುರು ಟ್ಯಾಕ್ಸಿಯೊಂದು ನಿಂತು, ಅದರಿಂದ ಮಂಕಿ ಕ್ಯಾಪ್ ಹಾಕಿಕೊಂಡ ಮನುಷ್ಯರೊಬ್ಬರು ಇಳಿದರು. ಕೈಗೆ ದಪ್ಪನೆಯ ಉಣ್ಣೆಯ ಗ್ಲೌಸು. ಕಂಕುಳಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಒಂದು ಕೊಳವೆ. ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಟ್ಯಾಕ್ಸಿಯ ಡ್ರೈವರ್ ಬಾಡಿಗೆ ತೆಗೆದುಕೊಂಡವನೇ ಹಿಂದೆ ತಿರುಗಿ ನೋಡದೆ ಓಡಿಸಿಕೊಂಡು ಹೋದ. ನನಗೂ ಓಡಬೇಕು ಅನ್ನಿಸಿತು. ಆದರೆ ಪ್ಲಾಂಟಿನ ಉಸ್ತುವಾರಿ ನನ್ನದು, ಎಲ್ಲಿಗೆ ಓಡುವುದು?

"ನಮಸ್ಕಾರ್ರಿ. ರಜಾಕ್ ಭಾಯ್ ಅಂದ್ರ ನೀವ ಏನ್ರಿ? ಕನ್ನಡದವರು ಅಂತ ಮೀನ ಮಾರ್ಕೆಟ್ಟಿನಾಗ ಹೇಳಿದ್ರು. ನಿಮ್ಮ ಉಪ್ಪುನೀರಿನ ಹೊಂಡದಾಗ ಇದನ್ನ ಸ್ವಲ್ಪ ಮುಳುಗಿಸಿ ತಗೀಬೇಕಿತ್ರಿ" ಎಂದರು.

"ಎಂತ ಅದು? ಬಾಂಬಾ?"

"ಅಯ್ಯ, ಅಲ್ರಿ! ನೀರು ಎಷ್ಟ ಕದಡೇತಿ ಅಂತ ಅಳೆಯೂ ಯಂತ್ರರಿ ಇದು."

"ನೀರು ಕದಡಿದ್ದು ನೋಡ್ಲಿಕ್ಕೆ ಎರಡು ಕಣ್ಣು ಸಾಕಲ್ಲ ಮಾರಾಯ್ರೆ, ಅದಕ್ಕೆ ಯಂತ್ರ ಎಂತಕ್ಕೆ?"

ಅವರು ನಕ್ಕರು. ಮಂಕಿ ಕ್ಯಾಪಿನ ಆ ಸಣ್ಣ ಕಿಟಕಿಯಲ್ಲಿ ಅವರ ನಗು ಬಹಳ ಚೆಂದ ಕಂಡಿತು ಎಂದು ಈಗ ಹೇಳಬಲ್ಲೆ. ಆ ದಿನ ಮಾತ್ರ ಈ ಮನುಷ್ಯನಿಗೆ ಮಂಡೆ ಸರಿಯಿಲ್ಲ ಎಂದೇ ಅಂದುಕೊಂಡೆ. "ಕಣ್ಣಿಗೆ ಕಾಣೂ ಅಷ್ಟು ಕದಡಿದ್ರ ನಾ ಈ ಬಿಸಿಲಾಗ ನಿಮ್ಮ ತನಕ ಯಾಕ ಬರ್ತಿದ್ನಿರಿ?" ಎಂದು ಕೇಳುತ್ತಲೇ ಅವರು ಒಳಗೆ ಬಂದುಬಿಟ್ಟಿದ್ದರು.

ಹೀಗೆ ನಮ್ಮಲ್ಲಿಗೆ ಬಂದವರು ಡಾಕ್ಟರ್ ಶ್ರೀಶೈಲ ಹಂಚಿನಾಳ. ಬಿಜಾಪುರದ ಕಡೆಯವರು. ಸಮುದ್ರದ ಮೇಲೆ ಡಾಕ್ಟರೇಟ್ ಮಾಡಿ, ಕತಾರಿನ ಒಂದು ಸರ್ವೇ ಕಂಪನಿಯಲ್ಲಿ ಕೆಲಸಕ್ಕಿದ್ದರು. ಗ್ಯಾಸ್ ಪೈಪುಗಳನ್ನು ಹಾಕುವ ಮೊದಲು ಸಮುದ್ರದ ತಳದಲ್ಲಿ ನೀರಿನ ಹರಿವು ಹೇಗಿದೆ ಎಂದು ಅಳೆದು ಕೊಡುವುದು ಅವರ ಕೆಲಸ. ಉಮ್ಮ್ ಸಲಾಲಿನಲ್ಲಿ ಕಂಪನಿಯವರು ಕೊಟ್ಟ ಒಂದು ಕೋಣೆಯಲ್ಲಿ ವಾಸ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ "ಪುರಸೊತ್ತ ಆಗ್ಲಿಲ್ರಿ" ಎನ್ನುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರು ಹೇಳುವ ಹಾಗೆ!

ನಮ್ಮ ಪ್ಲಾಂಟು ಎಂಥದ್ದೆಂದು ಹೇಳದಿದ್ದರೆ ಅವರು ಅಲ್ಲಿಗೇ ಯಾಕೆ ಬಂದರು ಎನ್ನುವುದು ತಿಳಿಯಲಿಕ್ಕಿಲ್ಲ. ಒಂದು ದೊಡ್ಡ ಕಬ್ಬಿಣದ ತೊಟ್ಟಿ. ಅದರ ತುಂಬ ಉಪ್ಪುನೀರು. ಅಮೋನಿಯಾ ಪೈಪುಗಳು ಆ ನೀರನ್ನು ತಣ್ಣಗೆ ಮಾಡುತ್ತವೆ. ಉಪ್ಪಿರುವುದರಿಂದ ಅದು ಮಾತ್ರ ಹೆಪ್ಪುಗಟ್ಟುವುದಿಲ್ಲ, ಅದರಲ್ಲಿ ಇಳಿಬಿಟ್ಟ ತಗಡಿನ ಡಬ್ಬಗಳ ಸಿಹಿನೀರು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮೂಲೆಯಲ್ಲೊಂದು ಫ್ಯಾನು ಉಪ್ಪುನೀರನ್ನು ಸದಾ ಕಲಕುತ್ತಿರುತ್ತದೆ. ತೊಟ್ಟಿಯ ಮೇಲೆ ಮರದ ಮುಚ್ಚಳಗಳು. ಅದರ ಮೇಲೆಯೇ ನಮ್ಮ ಓಡಾಟ. ಇಡೀ ಕತಾರಿನಲ್ಲಿ ಸಾಮಾನ್ಯ ಮನುಷ್ಯನ ಕೈಗೆ ಸಿಗುವ, ಹೆಪ್ಪುಗಟ್ಟುವುದಕ್ಕಿಂತಲೂ ತಣ್ಣಗಿರುವ ಉಪ್ಪುನೀರು ಇದ್ದದ್ದು ನಮ್ಮಲ್ಲಿ ಮಾತ್ರ. ಹಂಚಿನಾಳರಿಗೆ ಬೇಕಾಗಿದ್ದದ್ದೂ ಅದೇ.

ಅವರ ಯಂತ್ರ ಹೋಗಬೇಕಾಗಿದ್ದದ್ದು ಉತ್ತರ ಧ್ರುವದ ಕಡೆಗೆ. ಅಲ್ಲಿ ಸಮುದ್ರದ ಮೇಲೆ ಹಿಮ ಚಪ್ಪಡಿಯಾಗಿ ಹರಡಿರುತ್ತದಂತೆ. ಅದರ ಮೇಲೆ ಡೇರೆ ಹಾಕಿ, ತೂತು ಕೊರೆದು, ಅದರೊಳಗೆ ಈ ಕೊಳವೆಯನ್ನು ಬಿಡಬೇಕು. ಅದು ಬೀಳುತ್ತಾ ಹೋದ ಹಾಗೆ ನೀರಿನೊಳಗಿನ ಸಣ್ಣ ಸಣ್ಣ ಕದಡುವಿಕೆ, ನಡುಕ, ಬಿಸಿ, ತಂಪು ಎಲ್ಲವನ್ನೂ ಹಗ್ಗದೊಳಗಿನ ತಂತಿಯ ಮೂಲಕ ಮೇಲೆ ಕಳಿಸುತ್ತದೆ. ಹಂಚಿನಾಳರು ಓದಿದ ವಿಶ್ವವಿದ್ಯಾಲಯದ ಮುದಿ ಪ್ರೊಫೆಸರೊಬ್ಬರು ಬರುವ ವಸಂತದಲ್ಲಿ ಅಲ್ಲಿ ಶಿಬಿರ ಹೂಡುವವರಿದ್ದರು. ಕೊಳವೆಯ ಮೂಗು, ಎಂದರೆ ನೀರಿನ ನಡುಕವನ್ನು ಹಿಡಿಯುವ ತುದಿಯನ್ನು, ಮಾಡಿಕೊಡುವ ಜವಾಬ್ದಾರಿ ಶಿಷ್ಯನದು. ಅದನ್ನು ತೆಗೆದುಕೊಂಡು ಶಿಷ್ಯನೂ ಬರಬೇಕು. ಇದು ಗುರುಗಳ ಕೊನೆಯ ಶಿಬಿರ, ಆಮೇಲೆ ಅವರಿಗೆ ನಿವೃತ್ತಿ.

ಆ ಯಂತ್ರವನ್ನು ಅವರು "ಕೂಸು" ಎಂದು ಕರೆಯುತ್ತಿದ್ದರು. ಬೆಂಕಿಕಡ್ಡಿಯ ತಲೆಯಷ್ಟು ದಪ್ಪದ ತುದಿಗೆ ಬಾಲ್‌ಪೆನ್ನಿನ ಮುಚ್ಚಳ ಹಾಕಿ ಕಾಪಾಡುತ್ತಿದ್ದರು. ನಮ್ಮ ಲೋಡಿಂಗ್ ಕೆಲಸದವರು ಯಾರಾದರೂ ಹತ್ತಿರ ಬಂದರೆ ಸಾಕು, "ಏ ಏ, ಕೂಸಿನ ಮೂಗ ಮುಟ್ಟಬ್ಯಾಡ್ರಪಾ!" ಎಂದು ಚೀರುತ್ತಿದ್ದರು. ಆ ಮಲಯಾಳಿಗಳಿಗೆ ಕನ್ನಡ ಬಾರದಿದ್ದರೂ ಮೂರನೇ ವಾರಕ್ಕೆಲ್ಲ ಅವರೇ ಒಬ್ಬರಿಗೊಬ್ಬರು "ಕೂಸು, ಕೂಸು" ಎಂದು ಎಚ್ಚರಿಸಿಕೊಳ್ಳುತ್ತಿದ್ದರು.

ಪ್ರತಿ ಶುಕ್ರವಾರ ನಾನು ಜುಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಅವರು ಗೇಟಿನ ಹತ್ತಿರ ಕುಳಿತಿರುತ್ತಿದ್ದರು. ಮಂಕಿ ಕ್ಯಾಪು, ಗ್ಲೌಸು ತಪ್ಪದು. ಆ ಚಳಿಯಲ್ಲಿ ಬರಿಗೈಯಲ್ಲಿ ಕೆಲಸ ಮಾಡಲು ಆಗುವುದಿಲ್ಲವಂತೆ. ಗ್ಲೌಸು ಹಾಕಿಕೊಂಡೇ ಸ್ಕ್ರೂ ತಿರುಗಿಸಲು, ಗಂಟು ಹಾಕಲು ಈಗಿನಿಂದಲೇ ರೂಢಿ ಮಾಡಿಕೊಳ್ಳಬೇಕು. ಊಟವನ್ನೂ ಒಮ್ಮೆ ಗ್ಲೌಸು ಹಾಕಿಕೊಂಡೇ ಮಾಡಿದರು. ನಮ್ಮ ಮನೆಯವಳು ಕಳಿಸಿದ ಪತ್ತಿರಿಯನ್ನು, ಎಂದರೆ ತೆಳ್ಳನೆಯ ಅಕ್ಕಿರೊಟ್ಟಿಯನ್ನು, ಆ ಉಣ್ಣೆಯ ಬೆರಳುಗಳಲ್ಲಿ ಹರಿಯಲು ಒದ್ದಾಡುತ್ತಿದ್ದದ್ದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಗ್ರಿ, ನಗ್ರಿ. ನಾಳೆ ಅಲ್ಲಿ ಬೆರಳು ಸೆಟದು ನಿಂತಾಗ ನಿಮ್ಮನ್ನ ನೆನಸ್ತೀನಿ" ಎಂದು ಅವರೂ ನಕ್ಕರು.

ಜಗಳಗಳೂ ಆಗುತ್ತಿದ್ದವು. ಒಂದು ಶುಕ್ರವಾರ ಬಂದು ಕಲಕುವ ಫ್ಯಾನನ್ನು ನಿಲ್ಲಿಸಿ ಎಂದರು. ತೊಟ್ಟಿಯ ನೀರು ಸುಮ್ಮನಾಗಬೇಕಂತೆ. ಹಿಮದ ಕೆಳಗಿನ ಸಮುದ್ರಕ್ಕೆ ಗಾಳಿ ತಾಗುವುದಿಲ್ಲ, ಆದ್ದರಿಂದ ಅದು ಬಹಳ ನಿಶ್ಶಬ್ದವಾಗಿರುತ್ತದಂತೆ. ಕೂಸಿಗೆ ಆ ಮೌನವನ್ನು ಕೇಳಿಸಿಕೊಳ್ಳಲು ಬರುತ್ತದೋ ಇಲ್ಲವೋ ನೋಡಬೇಕಂತೆ.

"ಫ್ಯಾನು ನಿಲ್ಲಿಸಿದ್ರೆ ನನ್ನ ಐಸ್ ಎಂತ ಆಗ್ಬೇಕು ಡಾಕ್ಟ್ರೇ? ಸಂಜೆ ದೋಣಿಯವರು ಬಂದು ನನ್ನ ಕುತ್ತಿಗೆ ಹಿಡೀತಾರೆ. ಮಾಫಿ, ಆಗುದೇ ಇಲ್ಲ!"

"ಒಂದ ಚಹಾ ಕುಡಿಯೂ ಹೊತ್ರಿ, ರಜಾಕ್ ಭಾಯ್. ಅಷ್ಟ ಸಾಕು."

ನಿಲ್ಲಿಸಿದೆ. ಹೇಗೆ ಇಲ್ಲವೆನ್ನಲಿ? ತೊಟ್ಟಿಯ ಮೇಲೆ ಬೋರಲು ಮಲಗಿ, ಮುಚ್ಚಳದ ಸಂದಿಯಿಂದ ಕೆಳಗೆ ನೋಡುತ್ತಾ, ಉಸಿರನ್ನೂ ಬಿಗಿಹಿಡಿದಿದ್ದ ಆ ಮನುಷ್ಯನನ್ನು ನೋಡಿದರೆ ತೊಟ್ಟಿಲಲ್ಲಿ ಮಗು ನಿದ್ದೆ ಮಾಡಿತೇ ಎಂದು ನೋಡುವ ತಾಯಿಯ ನೆನಪಾಗುತ್ತಿತ್ತು. ಆಮೇಲೆ ಎದ್ದು, ಗೆದ್ದವರ ಹಾಗೆ ಕೈ ಎತ್ತಿದರು. ಹೊರಗೆ ರಸ್ತೆಯಲ್ಲಿ ಲಾರಿ ಹೋದದ್ದು ಕೂಡ ಕೂಸಿಗೆ ಗೊತ್ತಾಯಿತಂತೆ.

"ಅಲ್ಲ ಡಾಕ್ಟ್ರೇ, ಆ ಐಸಿನ ಅಡಿಯಲ್ಲಿ ನೀರು ಸುಮ್ಮನೆ ಉಂಟಲ್ಲ. ಸುಮ್ಮನೆ ಇರುವುದನ್ನು ಅಳೆದು ಯಾರಿಗೆ ಎಂತ ಆಗ್ಬೇಕು?" ಎಂದು ಕೇಳಿದೆ.

ಅದಕ್ಕೆ ಉತ್ತರವಾಗಿ ಮುಂದಿನ ವಾರ ಎಲ್ಲಿಂದಲೋ ಮೀನು ಸಾಕುವ ಒಂದು ಗಾಜಿನ ಪೆಟ್ಟಿಗೆ ಹೊತ್ತು ತಂದರು. ಅದರ ತಳಕ್ಕೆ ನಮ್ಮ ತೊಟ್ಟಿಯ ಉಪ್ಪುನೀರಿಗೆ ಕೆಂಪು ಶರಬತ್ತು ಬೆರೆಸಿ ಹಾಕಿದರು. ಅದರ ಮೇಲೆ ಥರ್ಮೋಕೋಲಿನ ತುಂಡೊಂದನ್ನು ತೇಲಿಬಿಟ್ಟು, ಅದರ ಮೇಲೆ ಸಿಹಿನೀರನ್ನು ನಿಧಾನವಾಗಿ, ಬಹಳ ನಿಧಾನವಾಗಿ ಸುರಿದರು. ಕೆಳಗೆ ಕೆಂಪು, ಮೇಲೆ ಬಿಳಿ, ನಡುವೆ ಗೆರೆ ಎಳೆದ ಹಾಗೆ ನಿಂತಿತು. ಆಮೇಲೆ ಒಂದು ಚಮಚವನ್ನು ಆ ಗೆರೆಯ ಹತ್ತಿರ ಇಳಿಸಿ ಮೆಲ್ಲಗೆ ಒಮ್ಮೆ ಅಲ್ಲಾಡಿಸಿ ತೆಗೆದರು.

"ಮ್ಯಾಲ ನೋಡ್ರಿ."

ಮೇಲೆ ಏನೂ ಇಲ್ಲ. ನೀರು ಕನ್ನಡಿಯ ಹಾಗೆ ಸುಮ್ಮನಿತ್ತು.

"ಈಗ ಒಳಗ ನೋಡ್ರಿ."

ಒಳಗೆ ಆ ಗೆರೆ ಬೆಟ್ಟದಷ್ಟು ಏರುತ್ತಿತ್ತು, ಇಳಿಯುತ್ತಿತ್ತು. ಅವಸರವೇ ಇಲ್ಲದ ಕೆಂಪು ಅಲೆ. ಗಾಜಿನ ಆ ಬದಿಗೆ ಹೋಗಿ ತಾಗಿ, ತಿರುಗಿ ಈ ಬದಿಗೆ ಬರುತ್ತಿತ್ತು. ಉಳ್ಳಾಲದ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವನು ನಾನು, ಅಲೆಯೆಂದರೆ ಏನೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ನೀರಿನ ಹೊಟ್ಟೆಯೊಳಗೆ ಹೀಗೊಂದು ಅಲೆ ಇರುತ್ತದೆ ಎಂದು ಕಂಡದ್ದು ಆ ದಿನ, ಕತಾರಿನ ಐಸ್ ಪ್ಲಾಂಟಿನ ಆಫೀಸಿನ ಮೇಜಿನ ಮೇಲೆ. ಯಾ ಅಲ್ಲಾಹ್ ಎಂದು ಬಾಯಿಂದ ತಾನಾಗಿ ಬಂತು.

ಉತ್ತರದ ಆ ಸಮುದ್ರದಲ್ಲಿಯೂ ಹೀಗೆಯೇ ಎಂದರು. ಹಿಮದ ಕೆಳಗೆ ತಣ್ಣನೆಯ, ಉಪ್ಪು ಕಡಿಮೆಯ ನೀರು. ಅದರ ಕೆಳಗೆ ಉಪ್ಪು ಹೆಚ್ಚಿರುವ ಸ್ವಲ್ಪ ಬೆಚ್ಚಗಿನ ನೀರು. ನಡುವಿನ ಈ ಒಳಅಲೆಗಳು ಎಲ್ಲಾದರೂ ಮುರಿದು ಕದಡಿದರೆ ಕೆಳಗಿನ ಬಿಸಿ ಮೇಲಕ್ಕೆ ಬಂದು ಹಿಮವನ್ನು ಅಡಿಯಿಂದ ತಿನ್ನುತ್ತದೆ. "ಎಷ್ಟ ಕದಡತೈತಿ, ಎಷ್ಟ ಬಿಸಿ ಮ್ಯಾಲ ಬರ್ತೈತಿ, ಅದನ್ನ ಸರಿಯಾಗಿ ಅಳದವರು ಭಾಳ ಕಡಿಮಿ ಅದಾರ್ರಿ. ಅದಕ್ಕ ಹೊಂಟೀನಿ."

"ನೀವು ಈ ಮೊದಲು ಹೋದಾಗ ಅಳೀಲಿಲ್ವಾ?"

ಅವರು ಚಮಚವನ್ನು ಒರೆಸಿ ಜೇಬಿನಲ್ಲಿ ಇಟ್ಟುಕೊಂಡರು. "ನಾ ಅದನ್ನ ನೋಡೇ ಇಲ್ರಿ, ರಜಾಕ್ ಭಾಯ್."

ಓದುತ್ತಿದ್ದಾಗ ಅವರ ಸರದಿ ಬಂದ ವರ್ಷ ವೀಸಾ ತಡವಾಗಿ ಬಂತಂತೆ, ಬೇರೆಯವರು ಹೋದರು. ಮರುವರ್ಷ ಶಿಬಿರಕ್ಕೆ ದುಡ್ಡು ಬರಲಿಲ್ಲ. ಬೇರೆಯವರು ತಂದ ಅಂಕಿಗಳನ್ನು ಇಟ್ಟುಕೊಂಡು ಅವರು ಡಾಕ್ಟರೇಟ್ ಮುಗಿಸಿದರು. ಆ ಹಿಮದ ಬಣ್ಣ, ಅದರ ವಾಸನೆ, ಕಾಲ ಕೆಳಗೆ ಅದು ಹೇಗೆ ಸದ್ದು ಮಾಡುತ್ತದೆ ಎನ್ನುವುದನ್ನೆಲ್ಲ ಅವರು ಕಂಡವರ ಹಾಗೆಯೇ ಹೇಳುತ್ತಿದ್ದರು. ಎಲ್ಲವೂ ಕೇಳಿ ತಿಳಿದದ್ದು. ಆ ದಿನದಿಂದ ಅವರು ಕೇಳುವ ಮೊದಲೇ ಫ್ಯಾನು ನಿಲ್ಲಿಸತೊಡಗಿದೆ.

ಬಿಸಿಲು ಇಳಿದ ಮೇಲೆ, ನವೆಂಬರಿನಲ್ಲಿ, ಅಲ್ ಶಮಾಲಿನ ಕಡೆ ಒಂದು ದೋಣಿ ಗೊತ್ತುಮಾಡಿಕೊಂಡು ಹೋದೆವು. ತೊಟ್ಟಿಯಲ್ಲಿ ಕೂಸನ್ನು ಮುಳುಗಿಸಬಹುದು, ಬೀಳಿಸಲು ಆಗುವುದಿಲ್ಲ. ದೋಣಿಯವನು ನಮ್ಮ ಐಸಿನ ಗಿರಾಕಿ. ನೀರು ಎಣ್ಣೆಯ ಹಾಗೆ ನಿಂತಿತ್ತು. ಹಂಚಿನಾಳರು ಎದೆಗೆ ಸಣ್ಣ ಪರದೆಯಿದ್ದ ಪೆಟ್ಟಿಗೆ ಕಟ್ಟಿಕೊಂಡು ಕುಳಿತರು. ಹಗ್ಗ ನನ್ನ ಕೈಗೆ ಬಂತು. ಕಡಲ ಮಕ್ಕಳ ಕೈಗೆ ಹಗ್ಗ ಕೊಡುವುದೇ ಸರಿ ಎಂದು ಅವರೇ ಹೇಳಿ ಕೊಟ್ಟದ್ದು.

ಕೂಸು ನೀರಿಗೆ ಇಳಿಯಿತು. ನಾನು ಹಗ್ಗವನ್ನು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋದೆ. ನಮ್ಮ ಕಡೆ ಗಾಳ ಹಾಕುವವರು ಯಾರೇ ಆಗಲಿ ಹಾಗೆಯೇ ಹಿಡಿಯುವುದು. ತುದಿಯಲ್ಲಿ ಏನಾಗುತ್ತಿದೆ ಎಂದು ಬೆರಳಿಗೆ ತಿಳಿಯಬೇಕು, ಮೀನು ಮೂಸಿದರೂ ಗೊತ್ತಾಗಬೇಕು. ನಾನು ಕಣ್ಣು ಮುಚ್ಚಿ, ಬಹಳ ಜಾಣ್ಮೆಯಿಂದ ಬಿಡುತ್ತಿದ್ದೇನೆ ಎಂದುಕೊಂಡಿದ್ದೆ.

"ಅಯ್ಯೋ, ಏನ ಮಾಡ್ಲಿಕತ್ತೀರಿ! ಹಗ್ಗ ಸಡಲ ಬಿಡ್ರಿ! ಸಡಲ ಬಿಡ್ರಿ!"

"ಬಿಟ್ರೆ ಕೂಸು ಹೋಗ್ತದೆ ಮಾರಾಯ್ರೆ!"

"ಹೋಗ್ಬೇಕ್ರಿ ಅದು! ಅದಕ್ಕ ಯಾರೂ ಹಿಡದಾರ ಅನ್ನೂದ ಗೊತ್ತಾಗಬಾರದು. ನೀವು ಹಿಡದ್ರ ನಿಮ್ಮ ಕೈ ನಡುಗಿದ್ದು, ದೋಣಿ ಅಲುಗಿದ್ದು ಎಲ್ಲಾ ಕೂಸಿನ ಮೂಗಿಗೆ ಬರ್ತೈತಿ. ನೀರಿನ ಸುದ್ದಿ ಬ್ಯಾಡ, ನಿಮ್ಮ ಸುದ್ದಿ ಬರ್ತೈತಿ!"

ಪರದೆಯನ್ನು ನನಗೂ ತೋರಿಸಿದರು. ಹುಚ್ಚು ಹಿಡಿದ ಹಾಗೆ ಗೀಚಿದ ಗೆರೆಗಳು. ಮತ್ತೊಮ್ಮೆ ಎಳೆದು ಬಿಟ್ಟೆವು. ಈ ಸಲ ಹಗ್ಗವನ್ನು ನೀರಿನ ಮೇಲೆ ಸುರುಳಿ ಸುರುಳಿಯಾಗಿ ಚೆಲ್ಲಿ, ಕೈ ಎತ್ತಿ ನಿಂತೆ. ಕಡಲ ಮಗನಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಕೈ ಅದಾಗಿಯೇ ಹಗ್ಗದ ಕಡೆ ಹೋಗುತ್ತಿತ್ತು. ಗೆರೆ ಮಾತ್ರ ಈಗ ತೆಳ್ಳಗೆ, ನೇರವಾಗಿ ಇಳಿಯಿತು. "ಹಾಂ! ಹಿಂಗ!" ಎಂದು ಅವರು ನನ್ನ ಬೆನ್ನಿಗೊಂದು ಗುದ್ದಿದರು. ವಾಪಸು ಬರುವ ದಾರಿಯುದ್ದಕ್ಕೂ, ಅಲ್ಲಿ ಹಿಮದ ಮೇಲೆ ಹಗ್ಗ ಹಿಡಿಯುವ ಕೆಲಸವನ್ನು ತಾನು ಯಾರಿಗೂ ಕೊಡುವುದಿಲ್ಲ ಎಂದು ಹೇಳುತ್ತಲೇ ಇದ್ದರು.

ಕೂಸು ಸಿದ್ಧವಾಯಿತು. ಹಂಚಿನಾಳರು ರಜೆಗೆ ಬರೆದುಕೊಟ್ಟರು. ಅವರ ಮ್ಯಾನೇಜರ್ ನಮ್ಮ ದೇಶದವನೇ, ಬಾಯಿಮಾತಿನಲ್ಲಿ ಹೋಗಿ ಬನ್ನಿ ಎಂದಿದ್ದ. ಆದರೆ ಕತಾರಿನಲ್ಲಿ ಆಗ ಮ್ಯಾನೇಜರ್ ಹೋಗಿ ಎಂದರೆ ಹೋದ ಹಾಗಲ್ಲ. ನಮ್ಮೆಲ್ಲರ ಪಾಸ್‌ಪೋರ್ಟು ಕಂಪನಿಯ ಕಬ್ಬಿಣದ ಕಪಾಟಿನಲ್ಲಿ ಇರುತ್ತಿತ್ತು. ದೇಶದಿಂದ ಹೊರಗೆ ಕಾಲಿಡಲು ಒಂದು ಪರ್ಮಿಟ್ಟು ಬೇಕು. ಅದಕ್ಕೆ ಕಫೀಲನ ಸಹಿ ಬೇಕು. ಯಾರ ಹೆಸರಿನಲ್ಲಿ ನಮ್ಮ ವೀಸಾ ಇದೆಯೋ ಆ ಧಣಿಯೇ ಕಫೀಲ. ಹಂಚಿನಾಳರ ಕಫೀಲ ತಾಯಿಯ ಚಿಕಿತ್ಸೆಗೆಂದು ದೂರದ ದೇಶಕ್ಕೆ ಹೋಗಿದ್ದ. ಬುಕ್ರಾ ಬರುತ್ತಾನೆ ಎಂದರು. ಬುಕ್ರಾ ಎಂದರೆ ನಾಳೆ. ಆ ನಾಳೆ ಎಷ್ಟು ಉದ್ದವಿರುತ್ತದೆ ಎಂದು ಗಲ್ಫಿನಲ್ಲಿ ದುಡಿದವರನ್ನು ಕೇಳಬೇಕು.

ಶಿಬಿರದವರು ಕಾಯುವಂತಿರಲಿಲ್ಲ. ಕೂಸನ್ನು ಮೊದಲು ವಿಮಾನದಲ್ಲಿ ಕಳಿಸಬೇಕಾಯಿತು. ಮೀನು ತುಂಬುವ ನಮ್ಮ ಥರ್ಮೋಕೋಲಿನ ಪೆಟ್ಟಿಗೆಗಳನ್ನು ಕತ್ತರಿಸಿ, ಕೂಸಿನ ಸುತ್ತ ಮೆತ್ತಗೆ ಹಾಸಿ, ನಾನೇ ಟೇಪು ಸುತ್ತಿದೆ. ಪೆಟ್ಟಿಗೆಯ ಮೇಲೆ ಅರಬಿಯಲ್ಲಿ 'ತಾಜಾ ಮೀನು' ಎಂದು ಅಚ್ಚಾಗಿತ್ತು. ಅದನ್ನು ಅಳಿಸಲು ಹೋದಾಗ ಹಂಚಿನಾಳರು ಬೇಡವೆಂದರು. "ಇರಲಿ ಬಿಡ್ರಿ. ಮೀನು ಅಂದ್ರ ಲಗೂನ ಕಳಸ್ತಾರ." ಪೆಟ್ಟಿಗೆ ಹೇರಿಕೊಂಡು ವಿಮಾನ ನಿಲ್ದಾಣಕ್ಕೆ ಹೊರಟ ಟ್ಯಾಕ್ಸಿ ತಿರುವು ದಾಟುವವರೆಗೂ ಅದನ್ನೇ ನೋಡುತ್ತಾ ನಿಂತಿದ್ದರು. ಒಂದೆರಡು ವಾರದಲ್ಲಿ ತಾನೂ ಹಿಂದೆ ಹೋಗುತ್ತೇನಲ್ಲ ಎಂದು ನನಗೋ ತನಗೋ ಹೇಳಿಕೊಂಡರು.

ಮಾರ್ಚ್ ಕಳೆಯಿತು. ಒಂದು ದಿನ ನಾನೂ ಅವರ ಜೊತೆ ಅವರ ಆಫೀಸಿಗೆ ಹೋದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿಯೇ ಇರುತ್ತದೆ, ಅಲ್ಲಿ ಕೂಗಾಡಿಯೇ ಬರುವುದೆಂದು ಹೋಗಿದ್ದೆ. ಮ್ಯಾನೇಜರ್ ಕುರ್ಚಿ ಕೊಟ್ಟ, ಚಹಾ ತರಿಸಿದ. ಹಿಂದಿಯಲ್ಲಿ ಮೆತ್ತಗೆ ಹೇಳಿದ: ಇದರಲ್ಲಿ ನನ್ನ ಕೈಯಲ್ಲಿ ಏನಿದೆ ಹೇಳಿ, ನನ್ನ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿದೆ. ಹೇಳಿ ಕಪಾಟಿನ ಕಡೆ ಕೈ ತೋರಿಸಿದ. ಮೂವರೂ ಆ ಕಪಾಟನ್ನು ನೋಡುತ್ತಾ ಕುಳಿತೆವು. ಬೈಯಬೇಕಾದವನು ಎದುರಿಗೆ ಇದ್ದರೆ ಬೈಯಬಹುದು. ಇಲ್ಲಿ ಯಾರನ್ನು ಬೈಯಲಿ? ತಾಯಿಯ ಹಾಸಿಗೆಯ ಪಕ್ಕದಲ್ಲಿ ಕುಳಿತ ಆ ಅರಬನನ್ನೇ? ಚಹಾ ಕುಡಿದು ಬಂದುಬಿಟ್ಟೆವು. ನನ್ನ ಬಾಯಿ ಅಷ್ಟು ಸಪ್ಪೆಯಾದದ್ದು ಅದೇ ಮೊದಲು.

ಶಿಬಿರ ಶುರುವಾಯಿತು. ಅಲ್ಲಿಂದ ಫೋನಿಲ್ಲ. ರೇಡಿಯೊದಲ್ಲಿ ಕರಾವಳಿಯ ಒಂದು ಠಾಣೆಗೆ ಮಾತಾಡುತ್ತಾರೆ, ವಾರಕ್ಕೊಮ್ಮೆ ಸಣ್ಣ ವಿಮಾನವೂ ಹೋಗಿ ಬರುತ್ತದೆ. ಹೀಗೆ ಬಂದ ಸುದ್ದಿ, ಕಾಗದಗಳನ್ನು ಠಾಣೆಯವರು ಹಂಚಿನಾಳರು ಕೊಟ್ಟಿದ್ದ ನಮ್ಮ ಪ್ಲಾಂಟಿನ ಫ್ಯಾಕ್ಸ್ ನಂಬರಿಗೆ ಕಳಿಸುತ್ತಾರೆ. ದೋಣಿಯವರು ಐಸ್ ಕೇಳಿ ಕಳಿಸುವ ಆ ಫ್ಯಾಕ್ಸ್ ಯಂತ್ರದಲ್ಲಿ ಒಂದು ದಿನ ಕೂಸಿನ ಮೊದಲ ಗೆರೆಗಳು ಬಂದವು. ಹಂಚಿನಾಳರು ಕೆಲಸ ಬಿಟ್ಟು ಓಡಿ ಬಂದರು. ಕಾಗದವನ್ನು ನೋಡಿದವರೇ ಕುರ್ಚಿಯ ಮೇಲೆ ಕುಸಿದರು. ನನಗೂ ನೋಡಿದ ಕೂಡಲೇ ತಿಳಿಯಿತು, ಅಲ್ ಶಮಾಲಿನ ದೋಣಿಯಲ್ಲಿ ಕಂಡ ಅದೇ ಹುಚ್ಚು ಗೀಚು.

"ಬಿಗಿ ಹಿಡದಾರ್ರಿ" ಎಂದರು. "ಕೂಸನ್ನ ಎಲ್ಲಿ ಕಳಕೊಂತೀವೋ ಅಂತ ಹೆದರಿ ಬಿಗಿ ಹಿಡದಾರ. ಹಿಮ ನಡುಗಿದ್ದು, ಡೇರೆ ಅಲುಗಿದ್ದು, ಎಲ್ಲಾ ಬಂದೈತಿ. ನೀರಿನದು ಒಂದೂ ಇಲ್ಲ."

"ಹೇಳಿ ಅಲ್ವಾ ಅವರಿಗೆ! ಯಲ್ಲಾ, ಈಗಲೇ ಬರೀರಿ!"

ಬರೆದರು. ನಾನು ಗುಂಡಿ ಒತ್ತಿದೆ. ಫ್ಯಾಕ್ಸು ಹೋಯಿತು. ಉತ್ತರವಿಲ್ಲ. ಮರುದಿನ ಠಾಣೆಯಿಂದ ಒಂದು ಸಾಲು ಬಂತು. ಧ್ರುವದ ಆಕಾಶ ಕೆಟ್ಟಿದೆ, ರೇಡಿಯೊ ಹತ್ತುತ್ತಿಲ್ಲ, ಮಾತು ಸಿಕ್ಕಾಗ ತಿಳಿಸುತ್ತೇವೆ. ಅದರ ಮರುದಿನವೂ ಅದೇ. ಕೆಲಸ ಮುಗಿಸಿ ಅವರು ನಮ್ಮಲ್ಲಿಗೆ ಬಂದು ಫ್ಯಾಕ್ಸ್ ಯಂತ್ರದ ಎದುರು ಕೂರುತ್ತಿದ್ದರು. ಐಸಿನ ಆರ್ಡರು ಬಂದು ಯಂತ್ರ ಕಿರುಗುಟ್ಟಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಒಮ್ಮೆ ಎದ್ದು ನಿಂತವರು ಹಾಗೆಯೇ ಗೋಡೆಯ ಕಡೆ ತಿರುಗಿ, "ನಾ ಅಲ್ಲಿ ಇದ್ದಿದ್ರ ಒಂದ ಮಾತಿನ ಕೆಲಸರಿ ಅದು. ಬಿಡ್ರಪಾ ಅಂದಿದ್ರ ಮುಗೀತಿತ್ತು" ಎಂದರು. ನಾನು ಒಂದು ತಟ್ಟೆಯಲ್ಲಿ ಅನ್ನ, ಮೀನು ಸಾರು ತಂದು ಮುಂದಿಟ್ಟೆ. ತಿನ್ನಲಿಲ್ಲ. ಅಲ್ಲಾಹನಲ್ಲಿ ದುವಾ ಕೇಳಿದೆ. ದೇವರಿಗೆ ಹಗ್ಗದ ವಿಷಯ ಬಿಡಿಸಿ ಹೇಳಲು ನನಗೆ ಸಾಕುಬೇಕಾಯಿತು.

ಕಫೀಲ ಬಂದ. ಸಹಿಯಾಯಿತು. ಪಾಸ್‌ಪೋರ್ಟು, ಪರ್ಮಿಟ್ಟು ಎರಡನ್ನೂ ಹಿಡಿದುಕೊಂಡು ಹಂಚಿನಾಳರು ಪ್ಲಾಂಟಿಗೆ ಓಡಿ ಬಂದರು. ಶಿಬಿರಕ್ಕೆ ಇನ್ನೂ ಒಂದಷ್ಟು ದಿನ ಬಾಕಿಯಿತ್ತು. ವಿಮಾನ ಬದಲಿಸಿ ಬದಲಿಸಿ ಹೋದರೂ ತಲುಪಬಹುದು ಎಂದು ಲೆಕ್ಕ ಹಾಕಿದ್ದರು. ಆ ಮುಖವನ್ನು ನೋಡಿ ನಾನೂ ಕುಣಿದಾಡಿದೆ. ಲೋಡಿಂಗಿನವರಿಗೆಲ್ಲ ಚಹಾ ಹೇಳಿದೆ. ಚಹಾ ಬರುವ ಮೊದಲೇ ಫ್ಯಾಕ್ಸ್ ಯಂತ್ರ ಕಿರುಗುಟ್ಟಿತು.

ಹಿಮ ಒಡೆದಿತ್ತು. ಗೊತ್ತಾಗುವಷ್ಟರಲ್ಲಿ ಬಿರುಕು ಶಿಬಿರದ ನಡುವೆ, ತೂತಿನ ಪಕ್ಕದಲ್ಲಿಯೇ ಹಾದು ಹೋಗಿತ್ತು. ಜನರೆಲ್ಲ ಕ್ಷೇಮ. ವಿಮಾನ ಬಂದು ಎಲ್ಲರನ್ನೂ ಠಾಣೆಗೆ ಕರೆತಂದಿತ್ತು. ಕೂಸು ನೀರಿನಲ್ಲಿ ಬೀಳುತ್ತಿದ್ದ ಹೊತ್ತು ಅದು, ಎಳೆದುಕೊಳ್ಳಲು ಸಮಯವಿರಲಿಲ್ಲ, ಹಗ್ಗ ಕತ್ತರಿಸಬೇಕಾಯಿತು, ಕ್ಷಮಿಸು ಎಂದು ಗುರುಗಳು ಬರೆದಿದ್ದರು. ಕೆಳಗೆ ಕೂಸು ಕೊನೆಯ ಸಲ ಬಿದ್ದಾಗ ಕಳಿಸಿದ ಗೆರೆ ಇತ್ತು.

ಹಂಚಿನಾಳರು ಆ ಗೆರೆಯನ್ನೇ ನೋಡಿದರು. ಅದು ತೆಳ್ಳಗೆ, ನೇರವಾಗಿ ಇಳಿದಿತ್ತು. ಎಷ್ಟೋ ದೂರ ಏನೂ ಇಲ್ಲ, ಪೂರಾ ಮೌನ. ಆಮೇಲೆ ಒಂದು ಕಡೆ ಗೆರೆ ಸಣ್ಣಗೆ ನಡುಗಿ, ಸ್ವಲ್ಪ ಅಗಲವಾಗಿ ಕದಡಿ, ಮತ್ತೆ ತೆಳ್ಳಗಾಗಿತ್ತು. ಇನ್ನೂ ಸ್ವಲ್ಪ ಇಳಿದು ತಟಕ್ಕನೆ ನಿಂತಿತ್ತು. ಮುಂದೆ ಬಿಳಿ ಕಾಗದ.

"ಬಿಟ್ಟಾರ್ರಿ" ಎಂದರು. "ನನ್ನ ಮಾತು ಮುಟ್ಟೈತಿ. ನೋಡ್ರಿ, ಹಗ್ಗ ಸಡಲ ಬಿಟ್ಟಾರ." ಆ ನಡುಕದ ಜಾಗದಲ್ಲಿ ಬೆರಳಿಟ್ಟು, "ಇಲ್ಲಿ ಒಳಗ ಅಲೆ ಮುರದೈತಿ. ನಾ ಹುಡುಕತಿದ್ದದ್ದು ಇದ ರಜಾಕ್ ಭಾಯ್, ಇದ" ಎಂದರು. ಆಮೇಲೆ ಅವರಿಗೆ ತಡೆದುಕೊಳ್ಳಲು ಆಗಲಿಲ್ಲ. ಅಷ್ಟು ದೊಡ್ಡ ಮನುಷ್ಯ ಫ್ಯಾಕ್ಸ್ ಕಾಗದವನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಮಲಯಾಳಿಗಳು ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರಲ್ಲೊಬ್ಬ ಮೆಲ್ಲಗೆ "ಕೂಸು?" ಎಂದು ನನ್ನನ್ನು ಕೇಳಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನಿಗೆ ಏನು ತಿಳಿಯಿತೋ, ಲೋಟ ಕೆಳಗಿಟ್ಟು ಹೋದ.

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವಿತ್ತಂತೆ. "ಅಲ್ಲಿ ಬಾವಿ ಅದಾವ್ರಿ, ಸಮುದ್ರ ಇಲ್ಲ. ಚಲೋ ಆತು" ಎಂದು ನಗಲು ನೋಡಿದರು. ಹೋದ ಮೇಲೆ ಒಮ್ಮೆ ಫೋನ್ ಮಾಡಿ ತಲುಪಿದೆ ಎಂದರು. ಆಮೇಲೆ ನಮ್ಮ ಪ್ಲಾಂಟನ್ನು ಕೆಡವಿದರು, ಫೋನ್ ನಂಬರು ಹೋಯಿತು, ನಾನು ಬೇರೆ ಕಡೆ ಸೇರಿದೆ. ಬಿಜಾಪುರದವರು ಯಾರು ಸಿಕ್ಕಿದರೂ ಈಗಲೂ ಕೇಳುತ್ತೇನೆ. ಹಂಚಿನಾಳ ಎಂಬ ಹೆಸರಿನವರು ಬಹಳ ಜನ ಇದ್ದಾರೆ ಎನ್ನುತ್ತಾರೆ.

ಕೊನೆಯ ಸಲ ನೋಡಿದ್ದು ವಿಮಾನ ನಿಲ್ದಾಣದಲ್ಲಿ. ಬಿಟ್ಟು ಬರಲು ನಾನೊಬ್ಬನೇ ಹೋಗಿದ್ದೆ. ಕೈಯಲ್ಲಿ ಒಂದೇ ಚೀಲ. ಗಾಜಿನ ಬಾಗಿಲಿನ ಈಚೆ ಅವರ ಎರಡೂ ಕೈಗಳನ್ನು ಹಿಡಿದುಕೊಂಡು, ಮತ್ತೊಮ್ಮೆ ಅವಕಾಶ ಬರುತ್ತದೆ, ಇನ್ಶಾಲ್ಲಾ, ಆಗ ನಾನೂ ಬರುತ್ತೇನೆ, ಅಲ್ಲಿಗೆ ಐಸ್ ಒಡೆಯುವವರು ಬೇಕಲ್ಲ ಎಂದೆಲ್ಲ ಬಡಬಡಿಸಿದೆ. ಅವರು ನನ್ನ ಕೈಗಳನ್ನು ನೋಡಿದರು.

"ರಜಾಕ್ ಭಾಯ್, ಮತ್ತ ಬಿಗಿ ಹಿಡದ್ರಿ ನೋಡ್ರಿ."

ನಾನು ಬಿಟ್ಟೆ.

ಅವರು ಒಳಗೆ ಹೋಗಿ ಸಾಲಿನಲ್ಲಿ ನಿಂತರು. ಗಾಜಿನ ಈಚೆಯಿಂದ ನನಗೆ ಎಲ್ಲ ಕಾಣುತ್ತಿತ್ತು. ಸರದಿ ಬಂದಾಗ ಪಾಸ್‌ಪೋರ್ಟು, ಪರ್ಮಿಟ್ಟು ಎರಡನ್ನೂ ಮುಂದಿಟ್ಟರು. ಅಧಿಕಾರಿ ಪಕ್ಕದವನ ಜೊತೆ ಏನೋ ಮಾತಾಡುತ್ತಿದ್ದ. ಮಾತು ನಿಲ್ಲಿಸಲಿಲ್ಲ, ಅವರ ಮುಖ ನೋಡಲಿಲ್ಲ. ಠಸ್ಸೆ ತೆಗೆದು ಒಮ್ಮೆ ಒತ್ತಿ, ಕಾಗದವನ್ನು ಇತ್ತ ಸರಿಸಿದ. ಹಂಚಿನಾಳರು ಅದನ್ನು ತೆಗೆದುಕೊಳ್ಳದೆ ಒಂದು ಗಳಿಗೆ ಹಾಗೆಯೇ ನಿಂತಿದ್ದರು, ಇಷ್ಟೇನಾ ಎಂದು ಕೇಳುವವರ ಹಾಗೆ. ಹಿಂದಿನವನು ಮುಂದೆ ಹೋಗಿ ಎಂದು ಭುಜ ತಟ್ಟಿದ.